ನಿರಪರಾಧಿಯ ಮೇಲೆ ಅಪರಾಧಿಯ ಋಣ

ಜಾನ್ ಫೋರ್ಡ್ 1960ರಲ್ಲಿ ನಿರ್ದೇಶಿಸಿದ ‘ಸಾರ್ಜೆಂಟ್ ರಟ್ಲೆಜ್’ ಕುದುರೆ, ಬಂದೂಕುಗಳ ವೆಸ್ಟರ್ನ್ ಚಿತ್ರವಾದರೂ ಅದರ ಒಡಲಲ್ಲಿರುವುದು ಒಂದು ಕೊಲೆಯ ರಹಸ್ಯ. 1881ರ ಅರಿಝೋನಾ. ಸೇನಾಧಿಕಾರಿಯ ಮಗಳು ಅತ್ಯಾಚಾರಕ್ಕೊಳಗಾಗಿ ಕೊಲೆಯಾಗಿದ್ದಾಳೆ. ಆ ದೇಹಕ್ಕೆ ಹೊದಿಕೆ ಹೊದಿಸುತ್ತಿದ್ದ ಕರಿಯ ಸಾರ್ಜೆಂಟನನ್ನು ಕಂಡ ತಂದೆ ಒಂದು ಮಾತೂ ಕೇಳದೆ ಗುಂಡು ಹಾರಿಸುತ್ತಾನೆ. ಆತ್ಮರಕ್ಷಣೆಗಾಗಿ ಇವನೂ ಹಾರಿಸುತ್ತಾನೆ. ಕೆಲವು ಗುಮಾನಿಗಳು ಪಾಪವೆಂದು ಖುರ್‌ಆನ್ ಎಚ್ಚರಿಸಿರುವುದು ಇಂತಹ ಕ್ಷಣಗಳಿಗಾಗಿಯೇ ಇರಬೇಕು.

ರಟ್ಲೆಜ್ ಓಡಿಹೋಗುತ್ತಾನೆ. ತನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ಅವನಿಗೆ ಗೊತ್ತು. ಆ ಓಟವೇ ಅವನ ವಿರುದ್ಧ ಸಾಕ್ಷಿಯಾಗುತ್ತದೆ! ಪಾರಾಗುವ ಅವಕಾಶವಿದ್ದಾಗಲೂ ಸಂಗಡಿಗರ ಜೀವ ಉಳಿಸಲು ಮರಳುತ್ತಾನೆ. ಕೊನೆಗೆ ಪಾಟೀಸವಾಲಿನ ಬಿಸಿಗೆ ನಿಜವಾದ ಕೊಲೆಗಾರ, ಒಬ್ಬ ಬಿಳಿಯ ವ್ಯಾಪಾರಿ, ತಪ್ಪೊಪ್ಪಿಕೊಳ್ಳುತ್ತಾನೆ. ಬಿಡುಗಡೆ.

ಪ್ರೇಕ್ಷಕ ನಿಟ್ಟುಸಿರು ಬಿಡುತ್ತಾನೆ. ಆದರೆ ಆ ವ್ಯಾಪಾರಿ ಬಾಯಿ ಬಿಡದಿದ್ದರೆ? ಆರೋಪಿಸಿದವರೇ ಸಾಬೀತುಪಡಿಸಬೇಕೆಂಬುದು ನ್ಯಾಯ. ಇಲ್ಲಿ ರಟ್ಲೆಜ್ ಮೊದಲು ವೀರನಾಗಬೇಕು, ಆಮೇಲೆ ಇನ್ನೊಬ್ಬ ಅಪರಾಧಿ ಸಿಗಬೇಕು. ಸಾಧಾರಣ ಮನುಷ್ಯನಾಗಿ, ಸ್ವಲ್ಪ ಅಂಜುಬುರುಕನಾಗಿ ನಿರಪರಾಧಿಯಾಗಿರುವ ಹಕ್ಕು ಅವನಿಗಿಲ್ಲ. ಅದೇ ಚಿತ್ರದ ಅಪಾಚೆ ಬುಡಕಟ್ಟಿನವರಿಗಂತೂ ಅಷ್ಟೂ ಇಲ್ಲ. ಅವರ ಪಾಲಿಗೆ ವಿಚಾರಣೆಯೇ ಇಲ್ಲ, ಗುಂಡು ಮಾತ್ರ.