ಆಯುಸ್ಸು ಕುಗ್ಗಿದುದೇಕೆ?

ದೀರ್ಘಾಯುಸ್ಸನ್ನು ಬಯಸದ ಮಾನವನಿಲ್ಲ. ನಮ್ಮ ಹಿರಿಯರು ಮಕ್ಕಳನ್ನು ಹರಸುವಾಗ ‘ನೂರ್ಕಾಲ ಬಾಳು’ ಎನ್ನುವರು. ಆ ನೂರು ವರ್ಷವೂ ಎಲ್ಲೋ ಒಬ್ಬಿಬ್ಬರಿಗೆ ಮಾತ್ರ ದೊರೆಯುವುದೆಂಬುದು ಹರಸುವವರಿಗೂ ಗೊತ್ತು, ಹರಸಿಕೊಳ್ಳುವವರಿಗೂ ಗೊತ್ತು. ಹೀಗಿರುವಾಗ ಬೈಬಲ್ಲಿನ ಮೊದಲ ಪುಟಗಳನ್ನು ತೆರೆದವನಿಗೆ ಅಚ್ಚರಿಯಾಗದೆ ಇರದು. ಅಲ್ಲಿ ಮನುಷ್ಯರು ಒಂಬೈನೂರು ವರ್ಷಗಳನ್ನು ದಾಟಿ ಬದುಕುತ್ತಾರೆ. ಗ್ರಂಥವು ಮುಂದುವರಿದಂತೆ ಆ ಆಯುಸ್ಸು ಇಳಿಯುತ್ತ ಬಂದು ಕೊನೆಗೆ ಎಪ್ಪತ್ತು ಎಂಬತ್ತಕ್ಕೆ ನಿಲ್ಲುತ್ತದೆ. ಇದೇಕೆ ಹೀಗಾಯಿತು?

ಮೇಲುನೋಟಕ್ಕೆ ಇದು ಕುತೂಹಲದ ಪ್ರಶ್ನೆ. ಆದರೆ ಇದರೊಳಗೆ ಒಂದು ಧರ್ಮಪ್ರಶ್ನೆ ಅಡಗಿದೆ. ಪಾಪ ಹೆಚ್ಚಿದುದರಿಂದ ಆಯುಸ್ಸು ಕುಗ್ಗಿತೆಂದು ಹೇಳಿ ಮುಗಿಸುವುದು ಸುಲಭ. ಹಾಗಾದರೆ ಎಳವೆಯಲ್ಲಿಯೇ ತೀರಿಕೊಂಡವರು ಪಾಪಿಗಳೆಂದಾಯಿತೆ? ತಮ್ಮನನ್ನೋ ತಂಗಿಯನ್ನೋ ಕಳೆದುಕೊಂಡ ಮಗುವೊಂದು ತರಗತಿಯಲ್ಲಿ ಕುಳಿತಿರುವಾಗ ಉಪಾಧ್ಯಾಯರಾದ ನಾವು ಈ ಪ್ರಶ್ನೆಗೆ ಯೋಚಿಸದೆ ಉತ್ತರ ಹೇಳುವಂತಿಲ್ಲ.

ಮೊದಲು ಗ್ರಂಥವು ಏನು ಹೇಳುತ್ತದೆಂಬುದನ್ನು ನೋಡೋಣ. ಆದಿಕಾಂಡದ 5ನೆಯ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರುಗಳ ಪಟ್ಟಿಯಿದೆ. ಆದಾಮನು 930 ವರ್ಷ ಬದುಕಿದನು; ಅವನ ಮಗ ಸೇತನು 912; ಯೆರೆದನು 962; ಮೆತೂಷೆಲಹನು 969; ನೋಹನು 950. ನೋಹನ ಆರುನೂರನೆಯ ವರ್ಷದಲ್ಲಿ ಜಲಪ್ರಳಯವಾಯಿತು. 11ನೆಯ ಅಧ್ಯಾಯದಲ್ಲಿ ಪ್ರಳಯದ ಮುಂದಿನ ವಂಶಾವಳಿ ಬರುತ್ತದೆ. ಅಲ್ಲಿಯ ವರ್ಷಗಳನ್ನು ಕೂಡಿಸಿದರೆ ನೋಹನ ಮಗ ಶೇಮನಿಗೆ 600, ಅವನ ಮಗ ಅರ್ಪಕ್ಷದನಿಗೆ 438, ಏಬೆರನಿಗೆ 464, ಏಬೆರನ ಮಗ ಪೆಲೆಗನಿಗೆ 239, ಅಬ್ರಹಾಮನ ತಾತ ನಾಹೋರನಿಗೆ 148 ಎಂದಾಗುತ್ತದೆ. ಅಬ್ರಹಾಮನು 175 ವರ್ಷ, ಯಾಕೋಬನು 147, ಯೋಸೇಫನು 110, ಮೋಶೆಯು 120 ವರ್ಷ ಬದುಕಿದರು. ಮೋಶೆಯ ಪ್ರಾರ್ಥನೆಯೆಂದು ಹೆಸರಾದ 90ನೆಯ ಕೀರ್ತನೆಯಲ್ಲಿ ಮನುಷ್ಯನ ಆಯುಸ್ಸು ಎಪ್ಪತ್ತು, ಬಲವಿದ್ದರೆ ಎಂಬತ್ತು ಎಂಬ ಮಾತು ಬರುತ್ತದೆ. ಅರಸನಾದ ದಾವೀದನು ಮೂವತ್ತನೆಯ ವಯಸ್ಸಿನಲ್ಲಿ ಪಟ್ಟವೇರಿ ನಾಲ್ವತ್ತು ವರ್ಷ ಆಳಿದನು. ಎಂದರೆ ಸರಿಯಾಗಿ ಎಪ್ಪತ್ತು.

ಇಳಿತವು ಒಂದೇ ಸಮನಾಗಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಪ್ರಳಯದ ತರುವಾಯ ಒಮ್ಮೆ ಆಯುಸ್ಸು ಅರ್ಧಕ್ಕೆ ಕುಸಿಯುತ್ತದೆ. ಏಬೆರನಿಂದ ಪೆಲೆಗನಿಗೆ ಬರುವಾಗ ಮತ್ತೊಮ್ಮೆ ಅರ್ಧಕ್ಕೆ ಕುಸಿಯುತ್ತದೆ. ಪೆಲೆಗನ ಕಾಲದಲ್ಲಿ ಭೂಮಿಯು ವಿಭಾಗವಾಯಿತೆಂದು ಗ್ರಂಥವೇ ಹೇಳುತ್ತದೆ. ಬಾಬೆಲಿನ ಗೋಪುರವನ್ನು ಕಟ್ಟಹೊರಟ ಜನರ ಭಾಷೆ ಕಲಸಿಹೋಗಿ ಅವರು ಚದುರಿದ ಕಾಲವದು ಎಂದು ವ್ಯಾಖ್ಯಾನಕಾರರು ಬಗೆದಿದ್ದಾರೆ. ಎರಡು ಕುಸಿತಗಳೂ ಎರಡು ದೊಡ್ಡ ವಿಪತ್ತುಗಳ ಬದಿಯಲ್ಲಿಯೇ ನಿಂತಿವೆ.

ಈ ಅಂಕೆಗಳಿಗೆ ಪಂಡಿತರು ಹೇಳಿದ ಸಮಾಧಾನಗಳು ಹಲವು. ಅಂದಿನ ವರ್ಷವೆಂದರೆ ಇಂದಿನ ತಿಂಗಳು ಎಂಬುದು ಒಂದು. 969ನ್ನು ಹನ್ನೆರಡರಿಂದ ಭಾಗಿಸಿದರೆ ಎಂಬತ್ತಕ್ಕೆ ಸ್ವಲ್ಪ ಮೇಲೆ ಬರುತ್ತದೆ, ಕೇಳಲು ಹಿತವಾಗಿದೆ. ಆದರೆ ಲೆಕ್ಕವನ್ನು ಪೂರ್ತಿಗೊಳಿಸಿ ನೋಡಬೇಕು. ಮಹಲಲೇಲನು ಅರುವತ್ತೈದನೆಯ ವಯಸ್ಸಿನಲ್ಲಿ ಮಗನನ್ನು ಪಡೆದನೆಂದಿದೆ. ಹನ್ನೆರಡರಿಂದ ಭಾಗಿಸಿದರೆ ಐದು ವರ್ಷ ಐದು ತಿಂಗಳ ಹುಡುಗನು ತಂದೆಯಾದಂತಾಯಿತು! ನಾಹೋರನು ಇಪ್ಪತ್ತೊಂಬತ್ತರಲ್ಲಿ ಮಗನನ್ನು ಪಡೆದನು. ಅವನ ಪಾಡಂತೂ ಹೇಳುವಂತಿಲ್ಲ. ಇದಕ್ಕೆ ಹತ್ತಿರದ ಇನ್ನೊಂದು ವಾದವನ್ನು ಸಂತ ಆಗಸ್ಟೀನನು ಐದನೆಯ ಶತಮಾನದಲ್ಲಿಯೇ ತನ್ನ ‘ದೇವರ ನಗರ’ ಎಂಬ ಗ್ರಂಥದಲ್ಲಿ ಎತ್ತಿಕೊಂಡು ಅಲ್ಲಗಳೆದಿದ್ದಾನೆ. ಪ್ರಳಯದ ಕಥೆಯಲ್ಲಿ ತಿಂಗಳುಗಳ ಹಾಗೂ ದಿನಗಳ ಎಣಿಕೆ ಸ್ಪಷ್ಟವಾಗಿದೆ. ಎರಡನೆಯ ತಿಂಗಳ ಹದಿನೇಳನೆಯ ದಿನದಿಂದ ಏಳನೆಯ ತಿಂಗಳ ಹದಿನೇಳನೆಯ ದಿನದವರೆಗೆ ನೂರೈವತ್ತು ದಿನಗಳು. ಆದುದರಿಂದ ಬರೆದವನ ಮನಸ್ಸಿನಲ್ಲಿದ್ದುದು ನಮ್ಮಂತಹ ವರ್ಷವೇ ಸರಿ.

ಕ್ರಿ.ಶ. ಮೊದಲನೆಯ ಶತಮಾನದ ಯೆಹೂದ್ಯ ಇತಿಹಾಸಕಾರನಾದ ಜೋಸೀಫಸನು ಅಂದಿನ ಆಹಾರವು ಆಯುಸ್ಸಿಗೆ ಅನುಕೂಲವಾಗಿತ್ತೆಂದೂ, ಖಗೋಳ ಮತ್ತು ರೇಖಾಗಣಿತಗಳನ್ನು ಕಂಡುಹಿಡಿಯಲು ಅವರಿಗೆ ದೀರ್ಘಕಾಲ ಬೇಕಾಗಿತ್ತೆಂದೂ ಬರೆದನು. ಹನ್ನೆರಡನೆಯ ಶತಮಾನದ ಮೈಮೊನಿಡೀಸನು ಹೆಸರಿಸಲ್ಪಟ್ಟ ಆ ಕೆಲವರು ಮಾತ್ರ ಹಾಗೆ ಬದುಕಿದರು, ಉಳಿದವರು ಎಲ್ಲರಂತೆಯೇ ಎಂದನು. ಅವನ ಮುಂದಿನ ಶತಮಾನದ ನಹ್ಮನಿಡೀಸನು ಇದನ್ನು ಒಪ್ಪದೆ, ಪ್ರಳಯದಿಂದ ಗಾಳಿಯೇ ಕೆಟ್ಟು ಆಯುಸ್ಸು ಕುಗ್ಗಿತೆಂದನು. 1961ರಲ್ಲಿ ಅಮೆರಿಕದ ವಿಟ್‌ಕಂಬ್ ಮತ್ತು ಮಾರಿಸ್ ಎಂಬ ಇಬ್ಬರು ಲೇಖಕರು, ಪ್ರಳಯಕ್ಕೆ ಮುನ್ನ ಆಕಾಶದಲ್ಲಿ ನೀರಾವಿಯ ಹೊದಿಕೆಯೊಂದು ಭೂಮಿಯನ್ನು ಕಾಪಾಡುತ್ತಿತ್ತೆಂಬ ವಾದವನ್ನು ಹರಡಿದರು. ಅಂತಹ ಹೊದಿಕೆಯಿದ್ದಿದ್ದರೆ ಭೂಮಿಯು ಯಾರೂ ಬದುಕಲಾರದಷ್ಟು ಕಾದುಹೋಗುತ್ತಿತ್ತು. ಪ್ರಾಚೀನ ಗೋರಿಗಳಲ್ಲಿ ದೊರೆತ ಎಲುಬುಗಳಲ್ಲಿ ಒಂಬೈನೂರು ವರ್ಷ ಬದುಕಿದವನ ಗುರುತು ಎಲ್ಲಿಯೂ ಕಂಡುಬಂದಿಲ್ಲ.

ಇಂತಹ ಪಟ್ಟಿ ಬೈಬಲ್ಲಿನಲ್ಲಿ ಮಾತ್ರವೇ ಇದೆಯೆಂದೂ ತಿಳಿಯಬಾರದು. ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ವಸ್ತುಸಂಗ್ರಹಾಲಯದಲ್ಲಿ ಸುಮೇರಿಯದ ಅರಸರ ಪಟ್ಟಿಯೊಂದು ಸುಟ್ಟ ಮಣ್ಣಿನ ಮೇಲೆ ಉಳಿದುಬಂದಿದೆ. ಅದರಲ್ಲಿ ಪ್ರಳಯಕ್ಕೆ ಮುಂಚೆ ಎಂಟು ಅರಸರು ಒಟ್ಟು 2,41,200 ವರ್ಷ ಆಳಿದರೆಂದಿದೆ. ಪ್ರಳಯದ ತರುವಾಯ ಆಳ್ವಿಕೆಗಳು ಕಿರಿದಾಗುತ್ತ ಬಂದು ಗಿಲ್ಗಮೆಶನಿಗೆ 126 ವರ್ಷ ಸಿಗುತ್ತದೆ. ನಮ್ಮ ಮನುಸ್ಮೃತಿಯೂ ಕೃತಯುಗದಲ್ಲಿ ನಾನೂರು ವರ್ಷವಿದ್ದ ಆಯುಸ್ಸು ಯುಗಯುಗಕ್ಕೆ ಕಾಲುಭಾಗದಂತೆ ಇಳಿಯಿತೆನ್ನುತ್ತದೆ. ಹಿಂದಿನವರು ದೀರ್ಘಾಯುಗಳಾಗಿದ್ದರು, ನಾವು ಅಲ್ಪಾಯುಗಳಾದೆವು ಎಂಬ ಭಾವನೆ ಮಾನವಕುಲಕ್ಕೆ ಸಾಮಾನ್ಯವಾದುದು. ಆದುದರಿಂದ ಆ ವರ್ಷಗಳು ದಿನದರ್ಶಿಯ ಲೆಕ್ಕವೇ ಎಂಬ ಚರ್ಚೆಯನ್ನು ಇಲ್ಲಿಗೆ ಬಿಟ್ಟು, ಆ ಕಥೆಯ ತಾತ್ಪರ್ಯವೇನೆಂದು ಕೇಳುವುದು ಲೇಸು. ನಂಬುವವರ ನಂಬಿಕೆಯನ್ನು ಕೆಣಕುವುದು ನಮ್ಮ ಉದ್ದೇಶವಲ್ಲ. ಈ ಪ್ರಶ್ನೆ ನಂಬುವವರಿಗೂ ನಂಬದವರಿಗೂ ಸಮಾನವಾಗಿದೆ.

ಗ್ರಂಥವು ತಾನಾಗಿ ಕೊಡುವ ಕಾರಣ ಬಹಳ ಚಿಕ್ಕದು. ಏದೆನ್ ತೋಟದಿಂದ ಮನುಷ್ಯನನ್ನು ಹೊರಡಿಸುವಾಗ, ತಪ್ಪು ಮಾಡಿದವನು ಜೀವವೃಕ್ಷದ ಹಣ್ಣನ್ನೂ ತಿಂದು ಎಂದೆಂದಿಗೂ ಬದುಕಿಕೊಂಡಿರಬಾರದೆಂಬ ಕಾರಣವನ್ನು ಹೇಳಿದೆ. ಮುಂದೆ ಕಾಯಿನನ ವಂಶದಲ್ಲಿ ಲೆಮೆಕನೆಂಬವನೊಬ್ಬನು ಬರುತ್ತಾನೆ. ಇವನು ನೋಹನ ತಂದೆಯಾದ ಲೆಮೆಕನಲ್ಲ, ಬೇರೊಬ್ಬನು. ತನಗೆ ಗಾಯ ಮಾಡಿದ ಒಬ್ಬ ಯುವಕನನ್ನು ಕೊಂದೆನೆಂದೂ, ತನಗಾಗಿ ಎಪ್ಪತ್ತೇಳು ಪಟ್ಟು ಸೇಡು ತೀರುವುದೆಂದೂ ಅವನು ಹೆಂಡಿರ ಮುಂದೆ ಕೊಚ್ಚಿಕೊಳ್ಳುತ್ತಾನೆ. ಪ್ರಳಯದ ಮುನ್ನ ಭೂಮಿಯು ಹಿಂಸೆಯಿಂದ ತುಂಬಿತ್ತೆಂದು ಗ್ರಂಥವು ಹೇಳುತ್ತದೆ. ಆಗಲೇ ಮನುಷ್ಯನ ದಿನಗಳು ನೂರಿಪ್ಪತ್ತು ವರ್ಷವೆಂಬ ದೈವವಾಕ್ಯ ಬರುವುದು. ಆ ನೂರಿಪ್ಪತ್ತು ಆಯುಸ್ಸಿನ ಮಿತಿಯೆಂದು ಕೆಲವರೂ, ಪ್ರಳಯಕ್ಕೆ ಕೊಟ್ಟ ವಾಯಿದೆಯೆಂದು ಆಗಸ್ಟೀನನೇ ಮೊದಲಾದ ಕೆಲವರೂ ಅರ್ಥ ಮಾಡಿದ್ದಾರೆ. ಅರ್ಥ ಯಾವುದಾದರೂ ಆಗಲಿ, ಅದರ ಹಿಂದಿರುವ ವಿಚಾರ ಒಂದೇ: ಹಿಂಸೆಗೆ ಒಂದು ಎಲ್ಲೆ ಬೇಕು. ಒಬ್ಬ ಕ್ರೂರಿಯು ಒಂಬೈನೂರು ವರ್ಷ ಬದುಕಿದರೆ ಅವನ ಕೈಕೆಳಗಿನವರ ಗತಿಯೇನು? ಸೇಡು ಎಷ್ಟು ತಲೆಮಾರುಗಳನ್ನು ತಿಂದೀತು? ಆಯುಸ್ಸಿನ ಇಳಿತದಲ್ಲಿ ದಂಡನೆ ಇರುವಂತೆ, ಪೀಡೆಗೊಳಗಾದವರ ಪಾಲಿಗೆ ಕರುಣೆಯೂ ಇದೆ ಎಂದು ನಾವು ತಿಳಿಯುತ್ತೇವೆ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಆಯುಸ್ಸು ವ್ಯಕ್ತಿಯ ಪುಣ್ಯಪಾಪಗಳ ಅಳತೆಯೆ? ಬೈಬಲ್ಲಿನ ಪಟ್ಟಿಯೇ ಇದನ್ನು ಅಲ್ಲಗಳೆಯುತ್ತದೆ. ಆ ಹತ್ತು ಮಂದಿಯಲ್ಲಿ ಭೂಮಿಯ ಮೇಲೆ ಅತ್ಯಂತ ಕಡಿಮೆ ಕಾಲ ಇದ್ದವನು ಹನೋಕನು, 365 ವರ್ಷ. ಅವನೇ ದೇವರೊಡನೆ ನಡೆದವನೆಂದು ಹೊಗಳಿಸಿಕೊಂಡವನು, ದೇವರು ತನ್ನೆಡೆಗೆ ಕರೆದುಕೊಂಡವನು. ಎಲ್ಲರಿಗಿಂತ ಹೆಚ್ಚು ಕಾಲ ಬದುಕಿದ ಮೆತೂಷೆಲಹನು ಒಂದು ಒಳ್ಳೆಯ ಕೆಲಸ ಮಾಡಿದನೆಂದಾಗಲಿ ಕೆಟ್ಟ ಕೆಲಸ ಮಾಡಿದನೆಂದಾಗಲಿ ಒಂದು ಮಾತೂ ಇಲ್ಲ; ಮಕ್ಕಳನ್ನು ಪಡೆದನು, ಸತ್ತನು, ಅಷ್ಟೆ. ಎಲ್ಲರಿಗಿಂತ ಮೊದಲು ಸತ್ತವನು ಹೇಬೆಲನು, ಅವನು ನಿರಪರಾಧಿ. ಅವನನ್ನು ಕೊಂದ ಕಾಯಿನನು ಬದುಕಿ ಊರು ಕಟ್ಟಿದನು. ಯೋಬನ ಮಕ್ಕಳೆಲ್ಲರೂ ಒಂದೇ ದಿನ ಮನೆ ಕುಸಿದು ಸತ್ತಾಗ, ಇದು ಪಾಪದ ಫಲವೆಂದು ಅವನ ಮಿತ್ರರು ದೀರ್ಘವಾಗಿ ಉಪದೇಶಿಸಿದರು. ಕಥೆಯ ಕೊನೆಯಲ್ಲಿ ದೇವರು ಕೋಪಿಸಿಕೊಳ್ಳುವುದು ಯೋಬನ ಮೇಲಲ್ಲ, ಉಪದೇಶ ಮಾಡಿದ ಮಿತ್ರರ ಮೇಲೆ! ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರೆ ಎಂದು ಯೇಸುವೇ ಕೇಳಿ, ಅಲ್ಲವೆಂದು ತಾನೇ ಉತ್ತರ ಕೊಟ್ಟಿದ್ದಾನೆ. ಸತ್ತ ಮಗುವಿನ ತಲೆಯ ಮೇಲೆ ಪಾಪವನ್ನು ಹೊರಿಸುವವರಿಗೆ ಈ ಗ್ರಂಥದಲ್ಲಿ ಆಶ್ರಯವಿಲ್ಲ.

ಹಾಗಾದರೆ ಆಯುಸ್ಸಿಗೂ ಅಧರ್ಮಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಒಬ್ಬೊಬ್ಬನ ಲೆಕ್ಕವಲ್ಲ, ಎಲ್ಲರ ಒಟ್ಟು ಲೆಕ್ಕ. ಪ್ರಳಯವು ಒಬ್ಬನ ಪಾಪದಿಂದ ಬಂದುದಲ್ಲ, ಭೂಮಿಯೇ ಹಿಂಸೆಯಿಂದ ತುಂಬಿದುದರಿಂದ ಬಂದುದು. ಬಾಬೆಲಿನಲ್ಲಿ ಚದುರಿದುದು ಒಬ್ಬ ಕಲ್ಲುಕುಟಿಗನಲ್ಲ, ಇಡೀ ಜನ. ಆಯುಸ್ಸು ಮರಳಿ ಬೆಳೆಯುವ ಕನಸು ಯೆಶಾಯನ ಪ್ರವಾದನೆಯ 65ನೆಯ ಅಧ್ಯಾಯದಲ್ಲಿದೆ; ನೂರು ವರ್ಷದವನು ಸತ್ತರೂ ಯುವಕನು ಸತ್ತನೆಂದು ಜನರು ಅನ್ನುವ ಕಾಲವದು. ಆ ಕಾಲದ ಲಕ್ಷಣವೇನು? ಮನೆ ಕಟ್ಟಿದವನೇ ಅದರಲ್ಲಿ ವಾಸಿಸುವನು, ತೋಟ ನೆಟ್ಟವನೇ ಅದರ ಹಣ್ಣನ್ನು ತಿನ್ನುವನು, ಒಬ್ಬನ ದುಡಿಮೆಯನ್ನು ಇನ್ನೊಬ್ಬನು ಕಸಿದುಕೊಳ್ಳಲಾರನು. ನ್ಯಾಯ ಮರಳಿದರೆ ಆಯುಸ್ಸೂ ಮರಳುವುದು ಎಂಬುದು ಇದರ ಅರ್ಥ. ಬೌದ್ಧರ ದೀಘನಿಕಾಯದಲ್ಲಿರುವ ಚಕ್ಕವತ್ತಿಸೀಹನಾದ ಸುತ್ತವೂ ಇದನ್ನೇ ಬೇರೊಂದು ಬಗೆಯಿಂದ ಹೇಳುತ್ತದೆ. ಅರಸನು ಬಡವರಿಗೆ ಧನ ಕೊಡದಿದ್ದುದರಿಂದ ಬಡತನ ಹೆಚ್ಚಿತು. ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಅದರಿಂದ ಸುಳ್ಳು. ಎಂಬತ್ತು ಸಾವಿರ ವರ್ಷದ ಆಯುಸ್ಸು ಹಂತಹಂತವಾಗಿ ಹತ್ತು ವರ್ಷಕ್ಕಿಳಿಯಿತು. ಜನರು ಕೊಲ್ಲುವುದನ್ನು ಬಿಟ್ಟಾಗ ಅದು ಮತ್ತೆ ಏರತೊಡಗಿತು. ಪರಸ್ಪರ ದೂರವಾದ ಎರಡು ನಾಡುಗಳ ಗ್ರಂಥಗಳು ಇಲ್ಲಿ ಸಮೀಪಕ್ಕೆ ಬಂದಿವೆ.

ನಮ್ಮ ಕಾಲದ ಅನುಭವವೂ ಇದಕ್ಕೆ ಸಾಕ್ಷಿಯಾಗಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು ಸುಮಾರು 70. ಕೀರ್ತನೆಯು ಹೇಳಿದ ಎಪ್ಪತ್ತನ್ನು ನಾವು ಸರಾಸರಿಯಲ್ಲಿ ಮುಟ್ಟಲು ಇಷ್ಟು ಕಾಲ ಬೇಕಾಯಿತು! ಮನುಷ್ಯನ ಆಯುಸ್ಸಿನ ಕಟ್ಟಕಡೆಯ ಎಲ್ಲೆ ಬದಲಾಗಿದೆಯೆಂದು ಇದರರ್ಥವಲ್ಲ. ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘಾಯುಸ್ಸು 1997ರಲ್ಲಿ ತೀರಿಕೊಂಡ ಫ್ರಾನ್ಸಿನ ಜೀನ್ ಕಾಲ್ಮಾಳದು, 122 ವರ್ಷ. ಬದಲಾದುದು ಎಳವೆಯಲ್ಲಿ ಸಾಯುವವರ ಸಂಖ್ಯೆ. ಸಿಡುಬು 1977ರಲ್ಲಿ ಭಾರತದಿಂದ ತೊಲಗಿತೆಂದು ಸಾರಲಾಯಿತು. ಲಸಿಕೆ, ಶುದ್ಧವಾದ ನೀರು, ಹೆರಿಗೆಯ ಕಾಲದ ಶುಶ್ರೂಷೆ, ಎರಡು ಹೊತ್ತಿನ ಊಟ, ಇವೇ ಆ ಆಯುಸ್ಸನ್ನು ಕೊಟ್ಟವು. ಅಂದು ಸತ್ತ ಮಕ್ಕಳಿಗಿಂತ ಇಂದು ಬದುಕುವ ಮಕ್ಕಳು ಹೆಚ್ಚು ಪುಣ್ಯವಂತರೆಂದು ಹೇಳಲು ಯಾರಿಗಾದರೂ ನಾಲಗೆ ಬಂದೀತೆ? ಊರಿನ ಬಾವಿ ಕೆಟ್ಟಿದ್ದರೆ ಸಾಯುವುದು ಮಗು. ದೋಷ ಮಾತ್ರ ಬಾವಿಯನ್ನು ಶುದ್ಧಗೊಳಿಸದ ಊರಿನದು. ಆಯುಸ್ಸು ಪಾಪದಿಂದ ಕುಗ್ಗುತ್ತದೆಂಬ ಹಳೆಯ ಮಾತನ್ನು ಈ ಅರ್ಥದಲ್ಲಿ ಹೇಳಿದರೆ ಅದು ಸತ್ಯ; ಸತ್ತವನನ್ನು ಬೆರಳಿಟ್ಟು ತೋರಿಸಿ ಹೇಳಿದರೆ ಅದು ಅನ್ಯಾಯ.

ಇನ್ನೊಂದು ಮಾತು ಉಳಿದಿದೆ. ಅದು ವಿಶೇಷವಾಗಿ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದುದು. ಆದಿಕಾಂಡದ ಹೀಬ್ರೂ ಮೂಲದ ವರ್ಷಗಳನ್ನು ಕೂಡಿಸಿದರೆ, ಆದಾಮನು ಸಾಯುವಾಗ ನೋಹನ ತಂದೆಗೆ 56 ವರ್ಷ. ನೋಹನು ಸಾಯುವಾಗ, ತೆರಹನ ಎಪ್ಪತ್ತನೆಯ ವರ್ಷದಲ್ಲಿ ಅಬ್ರಹಾಮನು ಹುಟ್ಟಿದನೆಂದಿಟ್ಟುಕೊಂಡರೆ, ಅಬ್ರಹಾಮನಿಗೆ 58. ಎಂದರೆ ಲೋಕದ ಆರಂಭದ ವೃತ್ತಾಂತವು ಆದಾಮ, ಲೆಮೆಕ, ನೋಹ ಎಂಬ ಮೂವರ ಬಾಯಿಂದಲೇ ಅಬ್ರಹಾಮನ ಕಿವಿಗೆ ಬೀಳಬಹುದಾಗಿತ್ತು. ಪುಸ್ತಕ ಬೇಕಾಗಿರಲಿಲ್ಲ, ಪಾಠಶಾಲೆ ಬೇಕಾಗಿರಲಿಲ್ಲ. ಆಯುಸ್ಸು ಕುಗ್ಗಿದ ಮೇಲೆ ಆ ಅನುಕೂಲ ತಪ್ಪಿತು. 120 ವರ್ಷದ ಮೋಶೆಯು ಬೆಟ್ಟದ ಮೇಲೆ ನಿಂತು, ತಾನು ಕಾಲಿಡಲಾರದ ನಾಡನ್ನು ದೂರದಿಂದ ನೋಡಿ ಕಣ್ಮುಚ್ಚಿದನು. ಕೆಲಸವು ಯೆಹೋಶುವನ ಹೆಗಲಿಗೆ ಬಂದಿತು. ಅದಕ್ಕೆ ಮುನ್ನ ಅವನು ಜನರಿಗೆ ಕೊಟ್ಟ ಅಪ್ಪಣೆಗಳಲ್ಲಿ, ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಕಲಿಸಿರಿ ಎಂಬುದೂ ಒಂದಾಗಿತ್ತು. ಆ 90ನೆಯ ಕೀರ್ತನೆಯೂ ಎಪ್ಪತ್ತು ವರ್ಷ ಸಾಲದೆಂದು ದೂರುವುದಿಲ್ಲ, ದಿನಗಳನ್ನು ಎಣಿಸುವ ವಿವೇಕವನ್ನು ಕಲಿಸೆಂದು ಬೇಡುತ್ತದೆ.

ಆದುದರಿಂದ ಮಕ್ಕಳು ಈ ಪ್ರಶ್ನೆಯನ್ನು ಕೇಳಿದಾಗ ನಾವು ಹೀಗೆ ಹೇಳಬಹುದು: ಹಿಂದಿನವರು ನಿಜವಾಗಿ ಎಷ್ಟು ವರ್ಷ ಬದುಕಿದರೆಂಬುದಕ್ಕಿಂತ, ಅನ್ಯಾಯವು ಎಲ್ಲರ ಆಯುಸ್ಸನ್ನೂ ತಿನ್ನುತ್ತದೆಂಬುದನ್ನು ಆ ಕಥೆ ತಿಳಿಸುತ್ತದೆ. ಬೇಗ ತೀರಿಕೊಂಡವರು ಯಾವ ತಪ್ಪನ್ನೂ ಮಾಡಿದವರಲ್ಲ. ನಮಗೆ ಉಳಿದಿರುವ ವರ್ಷಗಳಲ್ಲಿ ಇನ್ನೊಬ್ಬರ ವರ್ಷಗಳು ಕುಗ್ಗದಂತೆ ನೋಡಿಕೊಳ್ಳುವುದು, ಕಲಿತುದನ್ನು ಕಿರಿಯರಿಗೆ ದಾಟಿಸುವುದು, ಇವೆರಡು ನಮ್ಮ ಕೈಯಲ್ಲಿವೆ.