ರಾಜಹಂಸ ಯಾರ ಪೈಕಿ?

ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಇಳಿದು ಕೆಸರು ಬಯಲಾದಾಗ ಕೃಷ್ಣೆಯ ದಂಡೆಗೆ ರಾಜಹಂಸಗಳು ಬರುತ್ತವೆ. ಮಸೂತಿಯಿಂದ ಮೊಮ್ಮಗನನ್ನು ನೋಡಲು ಕರೆದೊಯ್ದಿದ್ದೆ. ಅವನು ಕೇಳಿದ: "ಮುತ್ಯಾ, ಇವು ಯಾರ ಪೈಕಿ? ಕೊಕ್ಕರೆನೋ, ಬಾತುಕೋಳಿನೋ?"

ನಮ್ಮ ಕಡೆ ಹೊಸಬರು ಕಟ್ಟೆಗೆ ಬಂದು ಕೂತರೂ ಇದೇ ಪ್ರಶ್ನೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಸೀಮೆಯಲ್ಲೇ ಅದಿನ್ನೂ ಸತ್ತಿಲ್ಲ ಎಂಬುದು ನನ್ನ ದೊಡ್ಡ ನೋವು. ಹುಡುಗನ ಬಾಯಲ್ಲೂ ಅದು ಬಂದಿದ್ದರಿಂದ ಉತ್ತರವನ್ನು ಸರಿಯಾಗಿ ಕೊಡಬೇಕೆನಿಸಿತು.

ಪಂಡಿತರೂ ಈ ಹಕ್ಕಿಯ ಕುಲ ಹುಡುಕಿ ದಣಿದಿದ್ದಾರೆ. ಉದ್ದ ಕಾಲು ಕಂಡವರು ಕೊಕ್ಕರೆಯ ಬಳಗವೆಂದರು. ಬೆರಳ ನಡುವಿನ ಪೊರೆ, ಪುಕ್ಕದೊಳಗಿನ ಹೇನು ನೋಡಿದವರು ಬಾತಿನದೆಂದರು. 1867ರಲ್ಲಿ ಥಾಮಸ್ ಹಕ್ಸ್‌ಲಿ ಎರಡರ ನಡುವೆ ಬೇರೆ ಮಣೆಯನ್ನೇ ಹಾಕಿಕೊಟ್ಟ. ಕೊನೆಗೆ 2001ರ ಹೊತ್ತಿಗೆ ಡಿಎನ್‌ಎ ಪರೀಕ್ಷೆ ತೋರಿಸಿದ ಹತ್ತಿರದ ನೆಂಟ ಯಾರು? ಗುಳುಮುಳುಕ! ಎಮ್ಮೆ ಮೀಯುವ ಹೊಂಡದಲ್ಲೂ ಮುಳುಗಿ ಏಳುವ, ಗಿಡ್ಡ ಕಾಲಿನ ಕಂದು ಹಕ್ಕಿ. ಜಗತ್ತಿನ ಆರೂ ಜಾತಿಯ ರಾಜಹಂಸಗಳಿಗೆ ಇದೇ ಮಾತು ಸಲ್ಲುತ್ತದೆ. ನಾಲ್ಕು ಅಮೆರಿಕ ಖಂಡಗಳ ಕಡೆಯವು. ನಮ್ಮ ದೇಶದಲ್ಲಿ ಕಾಣುವುದು ದೊಡ್ಡದು, ಸಣ್ಣದು ಎಂಬ ಎರಡು. ಅಂದು ನಮ್ಮೆದುರು ನಿಂತಿದ್ದವು ದೊಡ್ಡವು.

ಹಾಗಾದರೆ ಕುಲವೆಂಬುದು ಇದೆ ಎಂದಾಯಿತಲ್ಲ ಎಂದು ಯಾರಾದರೂ ಕೇಳಬಹುದು. ವಂಶ ಇದೆ, ಒಪ್ಪುತ್ತೇನೆ. ಆದರೆ ಅದನ್ನು ಹಿಡಿದು ಹಿಂದಕ್ಕೆ ಹೋದಷ್ಟೂ ನೆಂಟರು ಹೆಚ್ಚುತ್ತಾರೆ, ಮೇಲು-ಕೀಳು ಮಾತ್ರ ಎಲ್ಲೂ ಸಿಗುವುದಿಲ್ಲ. ಮೇಲು-ಕೀಳನ್ನು ಅದರೊಳಗೆ ಇಟ್ಟವರು ನಾವು.

ರಾಜಹಂಸದ ಗುಲಾಬಿ ಬಣ್ಣವಾದರೂ ಹುಟ್ಟಿನಿಂದ ಬಂದದ್ದೇ ಎಂದರೆ, ಅದೂ ಅಲ್ಲ. ಕಚ್ಛದ ರಣದಲ್ಲಿ ಮಣ್ಣಿನ ದಿಬ್ಬದಂಥ ಗೂಡಿನಲ್ಲಿ ಒಂದೇ ಮೊಟ್ಟೆ. ಒಡೆದು ಬರುವ ಮರಿಗೆ ಬೂದು ಮೈ, ನೆಟ್ಟಗಿನ ಕೊಕ್ಕು. ಕೊಕ್ಕು ಬಾಗುವುದು ಆಮೇಲೆ. ಬೆಳೆದ ಮೇಲೆ ತಲೆ ಕೆಳಗೆ ಮಾಡಿ, ನಾಲಿಗೆಯಿಂದ ನೀರು ಜಗ್ಗಿ ಹೊರಗೆ ತಳ್ಳುತ್ತ, ಕೊಕ್ಕಿನಂಚಿನ ಜಾಲರಿಯಲ್ಲಿ ಪಾಚಿ, ಸಣ್ಣ ಸಿಗಡಿ, ಹುಳು ಸೋಸಿ ತಿನ್ನುತ್ತದೆ. ಆ ಆಹಾರದ ಕೆರೊಟಿನಾಯ್ಡ್ ಪುಕ್ಕಕ್ಕೆ ಇಳಿದಾಗ ಗುಲಾಬಿ. ಅಂಥ ಆಹಾರ ತಪ್ಪಿದರೆ ಮುಂದೆ ಬರುವ ಪುಕ್ಕ ಬಿಳಿಚಿಕೊಳ್ಳುತ್ತದೆ. ದುಡಿದು ಉಂಡದ್ದೇ ಮೈಬಣ್ಣವಾಗುವ ಈ ಬಗೆ ಕಾಯಕ ನಂಬಿದ ನನಗೆ ಬಹಳ ಹಿಡಿಸಿತು.

ತಾಯಿಯೂ ತಂದೆಯೂ ಗಂಟಲೊಳಗಿನಿಂದ ಕೆಂಪು ಹಾಲಿನಂಥ ರಸ ಒಸರಿಸಿ ಮರಿಗೆ ಉಣಿಸುತ್ತವೆ. ಮರಿ ಬೆಳೆಯುವ ಹೊತ್ತಿಗೆ ಹೆತ್ತವರ ಬಣ್ಣ ಮಾಸಿರುತ್ತದೆ. ಇದನ್ನು ಕೇಳಿ ಹುಡುಗ, "ಅವ್ವ-ಅಪ್ಪಗ ಮತ್ತ ಬಣ್ಣ ಬರತೈತೇನು?" ಅಂದ. ಬರತೈತಿ, ಮತ್ತೆ ಕೆಸರಿಗಿಳಿದು ಸೋಸಿ ತಿಂದರೆ ಬರತೈತಿ ಎಂದೆ.