ಧಾರಣೆ ಕಾಯುವ ಇಬ್ಬರು

ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿಯ ಧಾರಣೆ ಏರಲೆಂದು ಕಾಯುವ ಮಾನ್ವಿ, ದೇವದುರ್ಗಗಳ ರೈತರನ್ನು ನೀವು ಬಲ್ಲಿರಿ. ಐಪಿಎಲ್ ಪಂದ್ಯದ ನಡುವೆ ಮೊಬೈಲು ಹಿಡಿದು ಬುಕ್ಕಿಯ ರೇಟು ಏರಲೆಂದು ಕಾಯುವ ಮಕ್ಕಳನ್ನೂ ಬಲ್ಲಿರಿ. “ಅಪ್ಪನೂ ಕಾಯ್ತಾನ, ನಾನೂ ಕಾಯ್ತೀನಿ. ತಪ್ಪೇನೈತ್ರಿ ಫಾದರ್?” ಎಂದು ಅಂಥ ಒಬ್ಬ ಯುವಕ ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

60 ಪೈಸೆಯ ರೇಟೆಂದರೆ, ಆ ತಂಡ ಗೆದ್ದರೆ 100 ರೂಪಾಯಿಗೆ 60 ಲಾಭ. ಅದರ ವಿಕೆಟ್ ಬಿದ್ದೊಡನೆ ರೇಟು ಏರುತ್ತದೆ. ಆ ಕ್ಷಣವನ್ನು ಹಿಡಿಯುವುದೇ ಜಾಣತನವೆಂದು ಅವನ ನಂಬಿಕೆ. ಆದರೆ ಮೈದಾನದ ದೃಶ್ಯ ಟಿವಿಗೆ ಬರುವುದೇ ಕೆಲವು ಕ್ಷಣ ತಡವಾಗಿ. ಅಷ್ಟರಲ್ಲಿ ರೇಟು ಸರಿದಿರುತ್ತದೆ. ಬುಕ್ಕಿಯಂತೂ ಎರಡು ಕಡೆಯ ರೇಟುಗಳ ನಡುವೆ ತನ್ನ ಪಾಲನ್ನು ಮೊದಲೇ ಇರಿಸಿಕೊಂಡಿರುತ್ತಾನೆ.

ರೈತನ ಕಾಯುವಿಕೆಯಲ್ಲೂ ಜೂಜಿನ ಅಂಶವುಂಟು, ಒಪ್ಪುತ್ತೇನೆ. ಆದರೆ ಧಾರಣೆ ಏರಲಿ, ಇಳಿಯಲಿ, ಹತ್ತಿ ಬಟ್ಟೆಯಾಗುತ್ತದೆ. ಮಗನ ಗೆಲುವಿನ ಹಣವೋ, ಅವನಷ್ಟೇ ಅವಸರದ ಇನ್ನೊಬ್ಬ ಹುಡುಗನ ಜೇಬಿನಿಂದ ಬಂದದ್ದು; ಅದು ಆ ಮನೆಯ ಬೀಜ-ಗೊಬ್ಬರದ ದುಡ್ಡೂ ಆಗಿರಬಹುದು.

ಪಣವು ತನ್ನಷ್ಟಕ್ಕೇ ಅನ್ಯಾಯವಲ್ಲ, ಬದುಕಿನ ಅಗತ್ಯಗಳಿಗೆ ಬೇಕಾದುದನ್ನು ಕಸಿದಾಗ ಅದು ಸಲ್ಲದು ಎನ್ನುತ್ತದೆ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2413ನೆಯ ಪರಿಚ್ಛೇದ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿತು.

ನಾನು ಆ ಯುವಕನನ್ನು ಕೇಳಿದ್ದು ಇಷ್ಟೇ: “ಯಾರು ಎಡವಲೆಂದು ನೀನು ಕಾಯುತ್ತಿರುವೆ?” ಅವನು ಉತ್ತರಿಸಲಿಲ್ಲ. ಪಂದ್ಯಕ್ಕೆ ಹೊತ್ತಾಯಿತೆಂದು ಎದ್ದು ಹೋದ.